ಆಯುಧಪೂಜೆಗೆ ನಾನು ಉಜ್ಜಿದ ಕೋವಿ

ನಾನು ಚಿಕ್ಕವಳಿದ್ದಾಗ ಹಬ್ಬ ಅಂದರೆ ಉಜ್ಜುವ ಕೆಲಸ ಕಣ್ರೋ ಮಕ್ಕಳೇ. ಕೊಳಗ, ಚೊಂಬು, ದೀಪದ ಕಂಬ, ಎಲ್ಲಕ್ಕೂ ಹುಣಸೆಹಣ್ಣು, ಇಟ್ಟಿಗೆ ಪುಡಿ. ಅದು ಅಕ್ಕನ ಪಾಲು. ನೀರು ಹೊಯ್ಯುವುದು ಬಿಟ್ಟರೆ ನನಗೆ ಏನೂ ಕೊಡುತ್ತಿರಲಿಲ್ಲ. ನನಗೋ ಹೊಟ್ಟೆಯುರಿ.

ಶಿವನಿ ಊರಿನ ಹತ್ತಿರ ನಮ್ಮ ಹೊಲ. ರಾಗಿ ತೆನೆ ಕಟ್ಟಿದರೆ ಸಾಕು, ಕಾಡುಹಂದಿ ನುಗ್ಗುತ್ತಿದ್ದವು. ಅದಕ್ಕೇ ಅಪ್ಪ ಒಂದು ಕೋವಿ ಇಟ್ಟಿದ್ದ. ತರೀಕೆರೆಯ ಕಚೇರಿಯಲ್ಲಿ ಲೈಸೆನ್ಸು ಮಾಡಿಸಿ, ಮರದ ಹಿಡಿಯ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಸಿಕೊಂಡು ಬಂದಿದ್ದ. ವರ್ಷಕ್ಕೊಮ್ಮೆ ಕೋವಿಯನ್ನೂ ಕಾಗದವನ್ನೂ ಅಲ್ಲಿಗೆ ಒಯ್ದು ತೋರಿಸಬೇಕಿತ್ತು.

ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ಕುಡುಗೋಲು, ಮಚ್ಚುಗಳ ಜೊತೆ ಕೋವಿಯೂ ಜಗಲಿಗೆ ಬಂತು. ಅಕ್ಕ ಚೆಂಡುಹೂ ತರಲು ಹಿತ್ತಲಿಗೆ ಹೋದಳು. ನನಗೆ ಆಗಿನ್ನೂ ಓದು ಬರುತ್ತಿರಲಿಲ್ಲ. ಹಿಡಿಯ ಮೇಲಿನ ಬಿಳಿಯದು ಸುಣ್ಣದ ಕಲೆ ಅಂದುಕೊಂಡೆ. ತೆಂಗಿನ ನಾರು ತಗೊಂಡು, ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ ನೋಡಿ, ಕೈಯೆಲ್ಲ ಹುಳಿ ವಾಸನೆ ಹೊಡೆಯುವವರೆಗೂ ತಿಕ್ಕಿದೆ! ಅಪ್ಪ ಅದರ ಮೇಲೆಯೇ ಅರಿಶಿನ ಕುಂಕುಮ ಬಳಿದು ಹೂ ಮುಡಿಸಿದ. ಬಿಳಿಯದು ಅಳಿಸಿಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ.

ಹಬ್ಬ ಕಳೆದು ವಾರಕ್ಕೆ ಕೋವಿ ತೋರಿಸಲು ತರೀಕೆರೆಗೆ ಹೋದ ಅಪ್ಪ ಬರಿಗೈಲಿ ಬಂದ. ನಂಬರಿಲ್ಲದ ಕೋವಿ ಯಾರದೋ ಏನೋ, ನಿನ್ನದೇ ಅನ್ನುವುದಕ್ಕೆ ಸಾಕ್ಷಿ ತಾ ಎಂದು ಕಚೇರಿಯ ಅಮಲ್ದಾರರು ಅದನ್ನು ಅಲ್ಲೇ ಇರಿಸಿಕೊಂಡಿದ್ದರು.

“ಯಾವಳೇ ಅದನ್ನ ಉಜ್ಜಿದ್ದು? ನೀನೇ ತಾನೇ?” ಅಂತ ಅಪ್ಪ ಅಕ್ಕನ ಮೇಲೆ ಕೂಗಿದ.

“ನಾನಲ್ಲ ಕಣಪ್ಪಾ” ಎನ್ನುತ್ತಾ ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಸುಮ್ಮನಾಗಿಬಿಟ್ಟಳು. ಅಪ್ಪ ಅವಳ ಕೆನ್ನೆಗೆ ಹೊಡೆದ. ಅದುವರೆಗೂ ನಮ್ಮ ಮೇಲೆ ಕೈ ಎತ್ತಿದವನಲ್ಲ. ನಾನು ಬಾಗಿಲ ಸಂದಿಯಲ್ಲಿ ನಿಂತು ಲಂಗದ ಅಂಚು ಕಚ್ಚಿಕೊಂಡಿದ್ದೆ.

ಹಿಂದೊಮ್ಮೆ ಆ ಕೋವಿಗೆ ಹಿತ್ತಾಳೆ ಪಟ್ಟಿ ಹಾಕಿದ್ದ ಕಮ್ಮಾರ ಹೋಗಿ ಸಾಕ್ಷಿ ಹೇಳಿದ ಮೇಲೆ ಅದು ಮನೆಗೆ ಬಂತು. ಅಷ್ಟರಲ್ಲಿ ಅರ್ಧ ರಾಗಿ ಹಂದಿಗಳ ಪಾಲಾಗಿತ್ತು. ತಗಡು ಬಡಿದು ಬಡಿದು ಅವುಗಳನ್ನು ಓಡಿಸಿ ಅಕ್ಕನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಬೆಣ್ಣೆ ಹಚ್ಚಿದವಳು ನಾನೇ. ಆಗಲೂ ಬಾಯಿ ಬಿಡಲಿಲ್ಲ, ಪಾಪಿ ನಾನು.

ಈಗ ಆಯುಧಪೂಜೆಗೆ ನೀವು ಸ್ಕೂಟರ್ ತೊಳೆಯುವಾಗ “ನಂಬರು ತಿಕ್ಕಬೇಡ್ರೋ!” ಅಂತ ನಾನು ಕೂಗುತ್ತೇನೆ, ನೀವು ನಗುತ್ತೀರಿ. ಲೋಟ ಒಡೆದರೂ “ನಾನೇ ಅಜ್ಜಿ” ಅಂತ ಓಡಿ ಬರುವ ಮಕ್ಕಳು ನೀವು. ಆ ಧೈರ್ಯ ನನಗಿರಲಿಲ್ಲ, ಇವತ್ತಿಗೂ ಇಲ್ಲ. ನಾಡಿದ್ದು ಹಬ್ಬಕ್ಕೆ ನಿಮ್ಮ ದೊಡ್ಡಜ್ಜಿ ಬರುತ್ತಾಳಲ್ಲ, ಅವಳೇ ಆ ಅಕ್ಕ. ಅವಳಿಗೀಗ ಕಣ್ಣು ಮಂಜು. ನಾನು ಬರೆದಿಟ್ಟ ಇದನ್ನು ನೀವೇ ಅವಳಿಗೆ ಓದಿ ಹೇಳಿ. ನಾನು ಬಾಗಿಲ ಸಂದಿಯಲ್ಲಿ ನಿಂತಿರುತ್ತೇನೆ.