ಅರ್ಧದಲ್ಲಿ ಅರ್ಧ

ಬೇಸಿಗೆಯ ಬಿಸಿಲಿಗೆ ರಸ್ತೆಯ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿದ್ದ ದಿನಗಳಲ್ಲಿ ನಮ್ಮ ದೊಡ್ಡಮ್ಮ ಉಣ್ಣೆಯ ಶಾಲು ಹೊದ್ದು ಕೂತಿರುತ್ತಿದ್ದಳು. ಕಾಶಿಗೆ ಹೋಗಿದ್ದ ಯಾರೋ ತಂದುಕೊಟ್ಟಿದ್ದ ಕಂದು ಶಾಲು. ಮದರಾಸಿನಲ್ಲಿ ಅದರ ಮಡಿಕೆ ಬಿಚ್ಚುವ ಅಗತ್ಯ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ. ಮುಖ ಊದಿತ್ತು, ಹುಬ್ಬಿನ ಹೊರತುದಿ ಉದುರಿತ್ತು, ಕೈ ಮುಟ್ಟಿದರೆ ಮಣ್ಣಿನ ಹೂಜಿ ಮುಟ್ಟಿದ ಹಾಗೆ ತಣ್ಣಗೆ.

ಈ ಶಾಲು ಹೊದ್ದ ದೊಡ್ಡಮ್ಮನನ್ನೇ ನಮ್ಮ ಬಳಗ ಈಗ ನೆನಪಿಗೆ ಆರಿಸಿಕೊಂಡಿದೆ. ಅವಳ ವೈಕುಂಠ ಸಮಾರಾಧನೆಯ ದಿನ ಎಲೆಯ ಮುಂದೆ ಕೂತವರೆಲ್ಲ ಹೇಳಿದ್ದು ಒಂದೇ ಕಥೆ. ಮೊದಲು ಸಿಡಿಲಿನಂಥ ಹೆಂಗಸು. ಕಾಯಿಲೆ ಬಂತು, ಆಸ್ಪತ್ರೆಯಲ್ಲಿ ಅದೇನೋ ಅಣುವಿನ ಔಷಧ ಕುಡಿಸಿದರು, ಪರಮ ಶಾಂತಳಾದಳು. ಆಮೇಲೆ ತಾನಾಗಿಯೇ ಒಲೆ ಬಿಟ್ಟು ವೈರಾಗ್ಯ ಹಿಡಿದಳು. “ಒಳ್ಳೆ ಜೀವ. ಕೊನೇಲಿ ಒಂದು ಮಾತೂ ಗಟ್ಟಿಯಾಗಿ ಆಡಲಿಲ್ಲ” ಎಂದು ಒಬ್ಬರು ಸಾರಿಗೆ ಕೈ ಹಾಕುತ್ತ ಹೇಳಿದರು. ನಾನು ನೀರಿನ ತಂಬಿಗೆ ಹಿಡಿದು ಪಂಕ್ತಿಯ ನಡುವೆ ನಿಂತಿದ್ದೆ. ಸಿಡಿಲು, ಶಾಂತಿ, ವೈರಾಗ್ಯ: ಮೂರಕ್ಕೆ ಮೂರೂ ತಪ್ಪು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಗಂಟೆ ಬಾರಿಸುವುದರೊಳಗೆ ಒಂದೊಂದನ್ನೂ ಕಿತ್ತುಹಾಕುತ್ತಿದ್ದೆ. ಅವತ್ತು ಆಗಲಿಲ್ಲ, ಅಷ್ಟು ಸಾಕಾಗಿತ್ತು. ನೀರು ಬಡಿಸಿಕೊಂಡು ಮುಂದೆ ಹೋದೆ.

ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲಿ ಅಪ್ಪನದೂ ಅಪ್ಪನ ಅಣ್ಣನದೂ, ಎರಡು ಸಂಸಾರ ಒಂದೇ ಒಲೆಯ ಮೇಲೆ ನಡೆಯುತ್ತಿತ್ತು. ಒಲೆಯ ಅಧಿಕಾರ ಅಜ್ಜಿಯದು, ದುಡಿಮೆ ದೊಡ್ಡಮ್ಮನದು. ಬೆಳಿಗ್ಗೆ ಬಾವಿಯ ಹತ್ತಿರ ಸ್ನಾನ ಮಾಡಿ, ಗಳದ ಮೇಲೆ ಒಣಗಿದ ಮಡಿಸೀರೆಯನ್ನು ಕೋಲಿನಲ್ಲಿ ಎತ್ತಿ ಉಟ್ಟು ಅವಳು ಒಳಗೆ ಹೋದಳೆಂದರೆ, ನೈವೇದ್ಯ ಮುಗಿದು ಮನೆಯವರ ಊಟವಾಗುವ ತನಕ ಅವಳನ್ನು ಯಾರೂ ಮುಟ್ಟುವಂತಿಲ್ಲ. ಅವಳಿಗೆ ಮಕ್ಕಳಿರಲಿಲ್ಲ. ನನ್ನ ಪುಟ್ಟ ತಮ್ಮ ಹೊಸಿಲಿನ ಈಚೆ ಕೂತು ಅವಳು ಯಾವಾಗ ಹೊರಗೆ ಬಂದಾಳು ಎಂದು ಕಾಯುತ್ತಿದ್ದ. ಅವನ ಪಕ್ಕದಲ್ಲಿ ನಾನು, ಭಾಷಣ ಉರು ಹೊಡೆಯುತ್ತ.

ದೊಡ್ಡಮ್ಮ ಓದಿದ್ದು ಕುಂಭಕೋಣದ ತಮಿಳು ಶಾಲೆಯಲ್ಲಿ, ಅದೂ ಸ್ವಲ್ಪವೇ. ಆದರೆ ತವರಿನಲ್ಲಿ ಅಪ್ಪ, ಅಣ್ಣಂದಿರು ಶಾಸ್ತ್ರವಾದಕ್ಕೆ ಕೂತಾಗ ಕಂಬದ ಹಿಂದೆ ಕೂತು ಕೇಳಿದವಳು. ನಾನು ಏರುದನಿಯಲ್ಲಿ ಮುಗಿಸಿದ ಮೇಲೆ ಒಳಗಿನಿಂದ ಕೇಳುತ್ತಿದ್ದಳು, “ಆಯ್ತಾ? ಸರಿ, ಈಗ ತಿರುಗಿಸಿ ಹೇಳು.”

“ಆ ಕಡೆಯವರು ಹೇಳೋದು ಪೆದ್ದುಪೆದ್ದಾಗಿದೆ ದೊಡ್ಡಮ್ಮ.”

“ಪೆದ್ದು ಅಂದುಬಿಟ್ರೆ ಗೆದ್ದ ಹಾಗಾ? ಅವರಿಗೂ ಒಂದು ಕಾರಣ ಇರುತ್ತೆ ಕಣೇ. ಅದನ್ನ ಅವರಿಗಿಂತ ಚೆನ್ನಾಗಿ ನೀನೇ ಹೇಳು. ಆಮೇಲೆ ಹೊಡಿ.”

ನನಗೆ ಬಂದ ಬಹುಮಾನದ ಲೋಟ, ತಟ್ಟೆಗಳೆಲ್ಲ ಆ ಹೊಸಿಲಿನ ಸಂಪಾದನೆ. ಹೇಳಿಕೊಟ್ಟವಳು ದನಿ ಎತ್ತಿದ್ದನ್ನು ನಾನು ಕೇಳಿದವಳಲ್ಲ. ಸಿಡಿಲು ಬಂದದ್ದು ಆಮೇಲೆ, ಕೊರಳಿನ ಗ್ರಂಥಿಯಿಂದ.

ಮೊದಲು ಹಸಿವು ಬಂತು. ಎರಡು ಸಲ ಉಂಡರೂ ಮತ್ತೆ ಹಸಿವು, ಉಂಡಷ್ಟೂ ಸೊರಗಿದಳು. ಸೆಕೆ ತಡೆಯದೆ ಹೊತ್ತಿಲ್ಲದ ಹೊತ್ತಿನಲ್ಲಿ ಬಾವಿ ಸೇದುತ್ತಿದ್ದಳು. ಬಡಿಸುವಾಗ ಸೌಟು ಪಾತ್ರೆಯ ಅಂಚಿಗೆ ಬಡಿದು ಗಣಗಣ ಅನ್ನುತ್ತಿತ್ತು. ಹುಳಿಗೆ ಉಪ್ಪು ಸಾಲದು ಎಂದು ದೊಡ್ಡಪ್ಪ ಅಂದದ್ದಕ್ಕೆ ಒಮ್ಮೆ ಪಾತ್ರೆಯನ್ನೇ ಬಚ್ಚಲಿಗೆ ಸುರಿದಳು. ಆಮೇಲೆ ಅಲ್ಲೇ ಕೂತು ಅತ್ತಳು. ಕಣ್ಣುಗುಡ್ಡೆ ಮುಂದಕ್ಕೆ ಬಂದು, ಯಾರನ್ನು ನೋಡಿದರೂ ದುರುಗುಟ್ಟಿದ ಹಾಗೆ ಕಾಣುತ್ತಿತ್ತು. ಪಕ್ಕದ ಮನೆಯವರು ಬರುವುದು ನಿಂತಿತು.

“ನಾನು ಸುಮ್ಮನೆ ನೋಡ್ತೀನಿ ಕಣೇ,” ಎಂದು ನನಗೆ ಹೇಳಿದಳು. “ಕಣ್ಣು ತನ್ನಷ್ಟಕ್ಕೆ ಜಗಳ ತೆಗೆಯುತ್ತೆ.”

ಅಜ್ಜಿ ಹರಕೆ ಕಟ್ಟಿದಳು. ರೈಲ್ವೆ ಆಫೀಸಿನ ದೊಡ್ಡಪ್ಪ ಯಾರನ್ನೂ ಎದುರಿಸದ ಮನುಷ್ಯ. ಹೋಮಿಯೋಪತಿಯ ಬಿಳಿ ಗುಳಿಗೆ ತಂದರು. ಎದೆ ಹೊಡೆದುಕೊಳ್ಳುವುದು ಸೀರೆಯ ಮೇಲೇ ಕಾಣತೊಡಗಿದಾಗ ಹೆದರಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಕೊರಳು ಮುಟ್ಟಿ ನೋಡಿ ಕಾಯಿಲೆಗೆ ಹೆಸರು ಹೇಳಿದರು, ಥೈರಾಯ್ಡ್. ಗ್ರಂಥಿ ಲಂಗುಲಗಾಮಿಲ್ಲದೆ ಓಡುತ್ತಿದೆ. ಕುಯ್ಯುವುದಕ್ಕಿಂತ ವಿಕಿರಣ ಸೂಸುವ ಅಯೋಡಿನ್ ಕುಡಿಸುವುದು ಮೇಲು, ಅದು ಒಳಗೇ ಹೋಗಿ ಗ್ರಂಥಿಯನ್ನು ಸುಡುತ್ತದೆ ಎಂದರು.

ಕುಡಿದು ಬಂದವಳು ಅಂಗಳದಲ್ಲೇ ದೂರ ನಿಂತು ನಮಗೆ ವರದಿ ಕೊಟ್ಟಳು. “ನೀರು ಇದ್ದ ಹಾಗಿತ್ತು. ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಸೀಸದ ಇಟ್ಟಿಗೆ ಗೋಡೆ ಕಟ್ಟಿ, ಅದರ ಹಿಂದಿನಿಂದ ಇಕ್ಕಳದಲ್ಲಿ ಹಿಡಿದು ಕೊಟ್ಟರು. ಕೊಟ್ಟು ಬಾಗಿಲ ತನಕ ಓಡಿದರು. ಆ ಡಾಕ್ಟರು ನಿಮ್ಮಜ್ಜಿಗಿಂತ ಮಡಿ ಕಣೇ!”

ಅಜ್ಜಿಯೂ ನಕ್ಕಳು. ಕೆಲವು ದಿನ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಹಾಸಿಗೆ, ಮಗುವನ್ನು ಎತ್ತಕೂಡದು, ಬಟ್ಟೆ ಬೇರೆಯಾಗಿ ಒಗೆಯಬೇಕು. ಇದನ್ನು ನಮ್ಮ ಮನೆಗೆ ಯಾರು ಹೇಳಿಕೊಡಬೇಕು? ಹಿತ್ತಿಲ ಕಡೆ, ತಿಂಗಳಿಗೊಮ್ಮೆ ಹೆಂಗಸರು ಹೊರಗೆ ಕೂರುವ ಕೋಣೆ ಇದ್ದೇ ಇತ್ತು. ಮುಟ್ಟದೆ ಬಡಿಸುವುದು, ಮೇಲಿನಿಂದ ನೀರು ಹೊಯ್ಯುವುದು, ಮಗುವನ್ನು ತಡೆಯುವುದು ಎಲ್ಲ ಅಜ್ಜಿಗೆ ಕೈಬಂದ ವಿದ್ಯೆ. ಅಣುವಿಜ್ಞಾನದ ಆಜ್ಞೆಯನ್ನು ಮದರಾಸಿನಲ್ಲಿ ಅಷ್ಟು ಚಾಚೂತಪ್ಪದೆ ಪಾಲಿಸಿದ ಮನೆ ಇನ್ನೊಂದಿರಲಾರದು.

ತೊಡಕು ಬಂದದ್ದು ಮುಗಿಸುವಾಗ. ಡಾಕ್ಟರು ಇನ್ನು ಸಾಕು, ಎಲ್ಲರಂತೆ ಇರಬಹುದು ಎಂದರು. ಅಜ್ಜಿ ದೊಡ್ಡಪ್ಪನನ್ನು ಕೂರಿಸಿಕೊಂಡು ವಿಚಾರಿಸಿದಳು.

“ಯಾವ ಸ್ನಾನ ಮಾಡಿದರೆ ಹೋಗುತ್ತಂತೆ?”

“ಸ್ನಾನ ಏನೂ ಬೇಡವಂತಮ್ಮ. ತಾನಾಗೇ ಕರಗುತ್ತೆ. ವಾರ ಕಳೆದರೆ ಹೆಚ್ಚುಕಮ್ಮಿ ಅರ್ಧ. ಇನ್ನೊಂದು ವಾರಕ್ಕೆ ಅದರಲ್ಲಿ ಅರ್ಧ.”

“ಆಮೇಲೆ?”

“ಅದರಲ್ಲಿ ಅರ್ಧ.”

“ಅರ್ಧದಲ್ಲಿ ಅರ್ಧ, ಅದರಲ್ಲಿ ಅರ್ಧ. ಹಾಗಾದರೆ ಪೂರ್ತಿ ಹೋಗೋದು ಯಾವಾಗಪ್ಪ?”

ಲೆಕ್ಕದಲ್ಲಿ ಸುಳ್ಳಾಡಲು ದೊಡ್ಡಪ್ಪನಿಗೆ ಬಾರದು.

ನಾನು ನುಗ್ಗಿದೆ. “ಅಜ್ಜಿ, ಗ್ರಹಣ ಬಿಡೋದಕ್ಕೆ ಯಾರ ಅಪ್ಪಣೆ ಬೇಕು? ತಾನಾಗೇ ಬಿಡಲ್ವಾ? ಇದೂ ಹಾಗೇ.”

“ಗ್ರಹಣ ಬಿಟ್ಟಿದ್ದು ಕಣ್ಣಿಗೆ ಕಾಣುತ್ತೆ. ಇದು ಬಿಟ್ಟಿದ್ದನ್ನ ನೀನು ನೋಡಿದೆಯಾ?”

“ಆಸ್ಪತ್ರೆಯಲ್ಲಿ ಇದನ್ನ ಅಳೆಯೋ ಯಂತ್ರ ಇದೆಯಲ್ಲ, ಟಿಕ್ ಟಿಕ್ ಅನ್ನೋದು. ಅದಕ್ಕೆ ಗೊತ್ತಾಗುತ್ತೆ.”

“ಈಗ ಅದು ಏನೂ ಅನ್ನಲ್ವೇನೋ?” ಎಂದು ದೊಡ್ಡಪ್ಪನ ಕಡೆ ತಿರುಗಿದಳು.

“ಒಂದೊಂದು ಟಿಕ್ ಅನ್ನುತ್ತೆ. ಅದು ಯಾರ ಮುಂದೆ ಹಿಡಿದರೂ ಅನ್ನುತ್ತಂತಮ್ಮ.”

“ನೋಡಿದೆಯಾ ಮತ್ತೆ,” ಎಂದಳು ಅಜ್ಜಿ. “ಇನ್ನೂ ಸ್ವಲ್ಪ ದಿನ ಇರಲಿ.”

ಸಿಕ್ಕಿದ್ದಕ್ಕೆಲ್ಲ ಪುರಾವೆ ಕೇಳುವುದು ನನ್ನ ಚಾಳಿ. ಅಂದು ಅಜ್ಜಿ ನನ್ನನ್ನು ಕೇಳಿದ್ದೂ ಅದನ್ನೇ. ಸೂತಕಕ್ಕೆ ಕೊನೆಯ ದಿನವಿದೆ, ಮುಟ್ಟಿಗೆ ಸ್ನಾನವಿದೆ. ಈ ಹೊಸ ಮೈಲಿಗೆಯನ್ನು ಒಳಗೆ ಬಿಟ್ಟುಕೊಳ್ಳಲು ನಮ್ಮ ಮನೆಗೆ ದಾರಿ ಗೊತ್ತಿತ್ತು, ಹೊರಗೆ ಕಳಿಸಲು ಗೊತ್ತಿರಲಿಲ್ಲ. ಅಜ್ಜಿಗೆ ಸೊಸೆಯ ಮೇಲೆ ದ್ವೇಷವೇನೂ ಇರಲಿಲ್ಲ. ದಿನವೂ ಮೊದಲ ಎಲೆ ಹಿತ್ತಿಲ ಕೋಣೆಗೇ ಹೋಗುತ್ತಿತ್ತು. ಒಲೆ ಮಾತ್ರ ನನ್ನ ಅಮ್ಮನ ಪಾಲಾಯಿತು. ಇನ್ನೂ ಸ್ವಲ್ಪ ದಿನ ಅನ್ನುವುದು ತಿಂಗಳುಗಳಾಯಿತು. ತಮ್ಮ ಕಾಯುವುದನ್ನು ಮರೆತು ಬೀದಿಯ ಆಟಕ್ಕೆ ಹೋದ.

ಆ ಕೋಣೆಯಲ್ಲಿ ದೊಡ್ಡಮ್ಮ ನಿಧಾನವಾಗುತ್ತ ಹೋದಳು. ಎದೆಯ ಓಟ ನಿಂತಿತು, ಕೈ ನಡುಕ ನಿಂತಿತು, ನಮಗೆಲ್ಲ ಸಂತೋಷ. ಅಲ್ಲಿಗೇ ನಿಲ್ಲಲಿಲ್ಲ. ದನಿ ದಪ್ಪವಾಯಿತು. ಕೂತಲ್ಲೇ ತೂಗಡಿಸುತ್ತಿದ್ದಳು. ತಲೆ ಬಾಚಲು ಎತ್ತಿದ ಕೈ ಅರ್ಧಕ್ಕೆ ಇಳಿಯುತ್ತಿತ್ತು. ಶಾಲು ಬಂದದ್ದು ಆಗಲೇ. ನೋಡಲು ಬಂದವರು ಬಾಗಿಲಲ್ಲಿ ನಿಂತು, ಎಷ್ಟು ಸೌಮ್ಯವಾಗಿದ್ದಾಳೆ ನೋಡು, ಆ ಕಣ್ಣೇನು, ಆ ಕೋಪವೇನು, ಎಲ್ಲ ಇಳಿಯಿತು ಎನ್ನುತ್ತಿದ್ದರು. ಅವಳು ಅಷ್ಟು ದೂರಕ್ಕೆ ಕತ್ತು ತಿರುಗಿಸುವುದೇ ಒಂದು ಕೆಲಸವೆನ್ನುವಂತೆ ಅವರನ್ನು ನೋಡುತ್ತಿದ್ದಳು.

ನಾನು ಹೊಸ ವಿಷಯ ಹಿಡಿದು ಹೋದರೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಒಂದು ಸಲ ಮುಗಿಸಿ ಕಾದೆ. ಎಷ್ಟೋ ಹೊತ್ತಿನ ಮೇಲೆ, “ಎರಡು ಕಡೆಯೂ ಸರಿಯಾಗೇ ಇರುತ್ತೆ ಬಿಡೇ,” ಎಂದಳು. “ಕೈ ಎತ್ತಬೇಕಾದರೆ ಈಗ ಕೈಯನ್ನೇ ಕೇಳಬೇಕು. ಅದು ಯೋಚನೆ ಮಾಡಿ ಹೇಳುತ್ತೆ.”

ನನಗೆ ಹೆದರಿಕೆಯಾದದ್ದು ಆಗ. ಬೈದಿದ್ದರೆ ಆಗುತ್ತಿರಲಿಲ್ಲ. ದೊಡ್ಡಪ್ಪನನ್ನು ಪೀಡಿಸಿ ಮತ್ತೆ ಆಸ್ಪತ್ರೆಗೆ ಹೊರಡಿಸಿದೆ, ಜೊತೆಗೆ ನಾನೂ ಹೋದೆ. ಡಾಕ್ಟರು ಮೊಣಕೈ, ಮೊಣಕಾಲು ತಟ್ಟಿ ನೋಡಿ, ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರು. ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ಸುಟ್ಟಿದೆ, ಈ ಔಷಧದಲ್ಲಿ ಹೀಗಾಗುವುದುಂಟು. ದೇಹಕ್ಕೆ ಅದು ಕೊಡಬೇಕಾದ್ದನ್ನು ಇನ್ನು ಮಾತ್ರೆಯಲ್ಲಿ ಕೊಡಬೇಕು, ದಿನವೂ, ಬದುಕಿರುವ ತನಕ. ಶಾಂತಿ, ಸೌಮ್ಯ ಎಂದದ್ದೆಲ್ಲ ಇದು.

ಮಾತ್ರೆಯ ಗುಣ ಕಾಣಲು ದಿನಗಳೇ ಹಿಡಿದವು. ಒಂದು ದಿನ ಶಾಲು ಗೂಟಕ್ಕೆ ಹೋಯಿತು. ಇನ್ನೊಂದು ದಿನ ಅಪ್ಪ ಓದುತ್ತಿದ್ದ ಸುದ್ದಿಗೆ ಕೋಣೆಯಿಂದಲೇ ಆಕ್ಷೇಪಣೆ ಬಂತು. ನನಗೆ ಮನೆಯಿಡೀ ಕುಣಿಯಬೇಕೆನಿಸಿತು. ಇನ್ನು ಉಳಿದಿದ್ದು ಒಂದೇ, ಅವಳನ್ನು ಅವಳ ಒಲೆಗೆ ಸೇರಿಸುವುದು. ಅಜ್ಜಿಯ ಜೊತೆ ನಾನು ಹೂಡಿದ ವಾದಗಳನ್ನು ಇಲ್ಲಿ ಬರೆಯಲು ಹೋಗುವುದಿಲ್ಲ. ನನಗೇ ಬೇಸರ ಬಂದಿದೆ. ಗೆದ್ದದ್ದು ಅವುಗಳಿಂದಲ್ಲ. ಮನೆಗೆ ಬಂದ ಒಬ್ಬ ಆಚಾರ್ಯರು, ಕಣ್ಣಿಗೆ ಕಾಣದ ಅಶುದ್ಧಿಗೆ ಪಂಚಗವ್ಯ ಧಾರಾಳವಾಗಿ ಸಾಕಲ್ಲವೇ ಎಂದುಬಿಟ್ಟರು. ಅಜ್ಜಿಗೆ ಮೋಕ್ಷವೇ ಸಿಕ್ಕಿದ ಹಾಗಾಯಿತು. ತಾನೇ ಹಿತ್ತಿಲ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

“ನಾಳೆ ಪಂಚಗವ್ಯ ತಗೊಂಡುಬಿಡು. ನಾಡಿದ್ದರಿಂದ ನೀನೇ ಒಳಗೆ ಮಾಡು. ನಿನ್ನ ಓರಗಿತ್ತಿ ಹುಳಿ ತಿಂದು ತಿಂದು ನಾಲಗೆ ಸತ್ತುಹೋಗಿದೆ.”

ದೊಡ್ಡಮ್ಮ ಎದ್ದು ನಿಂತಳು. ಅತ್ತೆಯ ಮುಂದೆ ಅವಳು ಯಾವತ್ತೂ ಕೂತವಳಲ್ಲ. “ನನ್ನ ಕೈಲಾಗಲ್ಲ ಅತ್ತೆ,” ಎಂದಳು. “ಒಲೆ ಮುಂದೆ ನಿಂತರೆ ಕಾಲು ಸೋಲುತ್ತೆ. ಬೇಕಾದರೆ ಇಲ್ಲೇ ಕೂತು ತರಕಾರಿ ಹೆಚ್ಚಿಕೊಡ್ತೀನಿ.”

ಅಜ್ಜಿ ಒಳಗೆ ಹೋದಳು. ಬಳಗದವರ ವೈರಾಗ್ಯದ ಕಥೆ ಹುಟ್ಟಿದ್ದು ಅವತ್ತು. ನನ್ನ ಕಥೆಯೂ ಅವತ್ತೇ ಹುಟ್ಟಿತು: ಮೊದಲು ಗ್ರಂಥಿ ಅವಳನ್ನು ಓಡಿಸಿತು, ಆಮೇಲೆ ಔಷಧ ಕೆಡವಿತು, ಏಳುವ ಹೊತ್ತಿಗೆ ಇವರು ಅವಳ ಜಾಗ ಕಸಿದಿದ್ದರು, ಅದಕ್ಕೇ ಅವಳಲ್ಲಿ ಈಗ ತ್ರಾಣವಿಲ್ಲ. ಗಟ್ಟಿಯಾದ ವಾದ. ಒಂದು ವಾರ ಅದನ್ನು ಮನೆಯಲ್ಲಿ ಎಲ್ಲರ ಮುಖಕ್ಕೂ ಎಸೆದೆ.

ಆ ವಾರದ ಕೊನೆಯಲ್ಲಿ ಅವಳ ಮಾತ್ರೆ ತರಲು ನಾವಿಬ್ಬರೂ ರೈಲುಹಳಿಯ ಆಚೆ, ಟಿ. ನಗರದ ಕಡೆಗೆ ಹೊರಟೆವು. ಮಾಂಬಲಂ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲನ್ನು ಅವಳು ಕಂಬಿ ಹಿಡಿಯದೆ, ಎಲ್ಲೂ ನಿಲ್ಲದೆ ಹತ್ತಿದಳು. ಏದುಸಿರು ಬಿಟ್ಟವಳು ನಾನು. ಬರುವಾಗ ಸೇತುವೆಯ ಕೆಳಗೆ ಒಗ್ಗರಣೆ ಹಾಕಿದ ಕಡಲೆಯ ಸುಂಡಲ್ ಮಾರುವವನ ಹತ್ತಿರ ನಿಂತು, ತಮಿಳಿನಲ್ಲಿ ಅವನ ಜೊತೆ ಜಗಳವಾಡಿ ಹಿಡಿ ಕಡಲೆ ಹೆಚ್ಚಿಗೆ ಹಾಕಿಸಿಕೊಂಡಳು. ಹೊರಗಿನವರ ಕೈಯದು ಒಂದು ಲೋಟ ನೀರೂ ಕುಡಿಯದೆ ಅಷ್ಟು ವರ್ಷ ಬಾಳಿದವಳು, ಮತ್ತೆ ಮೇಲೆ ಹತ್ತಿ, ಸೇತುವೆಯ ನಡುವೆ ನಿಂತು, ಕಾಗದದ ಪೊಟ್ಟಣದಿಂದ ಒಂದೊಂದೇ ಕಡಲೆ ಬಾಯಿಗೆ ಹಾಕಿಕೊಳ್ಳುತ್ತ ಕೆಳಗೆ ರೈಲು ಬಂದು ಹೋಗುವುದನ್ನು ನೋಡಿದಳು. ಒಂದು ಹೋಯಿತು, ಇನ್ನೊಂದು ಹೋಯಿತು. ಮನೆಗೆ ಹೋಗುವ ಆತುರ ಅವಳಿಗೆ ಕಾಣಲಿಲ್ಲ.

ಅಲ್ಲಿ, ಅವಳ ಪಕ್ಕದಲ್ಲಿ ನಿಂತು, ನಾನು ಒಂದು ಪ್ರಶ್ನೆ ಕೇಳಿದೆ. ಅವಳು ನನ್ನ ಕಡೆ ತಿರುಗಿ, ಪೊಟ್ಟಣ ನನ್ನ ಮುಂದೆ ಹಿಡಿದು, “ತಗೋ, ಇನ್ನೂ ಬಿಸಿ ಇದೆ,” ಎಂದಳು ಅಷ್ಟೆ. ಮುಂದಿನ ಮಳೆಗಾಲದಲ್ಲಿ, ಆ ಹಳೆಯ ಓಟದಲ್ಲೇ ಸವೆದುಹೋಗಿದ್ದ ಅವಳ ಎದೆ ನಿಂತಿತು. ಬಳಗಕ್ಕೆ ಉತ್ತರ ಗೊತ್ತಿದೆ. ನನಗೂ ಗೊತ್ತಿದೆ ಅಂದುಕೊಂಡಿದ್ದೆ. ವಾದ ಮಾಡುವುದನ್ನು ಕಲಿಸಿದವಳು ನೀನು. ಈಗ ನಾನು ಯಾವ ಕಡೆ ನಿಲ್ಲಲಿ? ಸೇತುವೆಯ ಮೇಲೆ ಕೇಳಿದ್ದನ್ನೇ ಮತ್ತೆ ಕೇಳ್ತೀನಿ, ನಿಜ ಹೇಳು ದೊಡ್ಡಮ್ಮ, ನಿನಗೆ ಆ ಒಲೆಯ ಮುಂದೆ ನಿಲ್ಲೋದಕ್ಕೆ ಆಗ್ತಿರಲಿಲ್ಲವಾ, ಬೇಡವಾಗಿತ್ತಾ?