ಎಮ್ಮೆ ಒದ್ದದ್ದು ಯಾರಿಗೆ

ಹೊತ್ತು ಮೂಡುವ ಮುಂಚೆ ಹುಲಗೂರಿನ ಅಡಿವೆವ್ವ ಅಂಗಳ ಗುಡಿಸಿ, ಸಗಣಿ ಬಾಚಿ, ನಲ್ಲಿಗೆ ಪಾಳಿ ಹಚ್ಚಿ, ಕೊಡ ತುಂಬಿ, ಒಲೆ ಹೊತ್ತಿಸಿ, ಗಂಡನ ಜಳಕಕ್ಕೆ ನೀರು ಕಾಯಲಿಟ್ಟು ಎಮ್ಮೆ ಹಿಂಡಲು ಕೂರುತ್ತಾಳೆ. ಅಷ್ಟರಲ್ಲಿ ಗಂಡ ಕೊಟ್ರೇಶ ಮಾಡುವ ಕೆಲಸ ಒಂದೇ, ಮಗ್ಗಲು ಬದಲಿಸುವುದು. ಅದನ್ನಾದರೂ ಅವನು ತಾನೇ ಮಾಡಿಕೊಳ್ಳುತ್ತಾನೆ.

ಆ ದಿನ ಎಮ್ಮೆಯ ಮೊಲೆ ಒಡೆದಿತ್ತು. ಬೆರಳು ತಾಕಿದ್ದೇ ತಡ, ಒದೆಯಿತು. ಗೊರಸು ಅಡಿವೆವ್ವನ ಎಡಪಕ್ಕೆಯ ಕೆಳಗೆ ಬಿತ್ತು. ಅವಳು ಉರುಳಿದಳು, ಆದರೆ ಹಾಲಿನ ಚರಿಗೆಯನ್ನು ಉರುಳಗೊಡಲಿಲ್ಲ.

ಸದ್ದಿಗೆ ಎದ್ದು ಬಂದ ಕೊಟ್ರೇಶ, "ಒಂದ್ ಎಮ್ಮಿ ಹಿಂಡಾಕ ಬರೂದಿಲ್ಲೇನ ನಿನಗ? ಸರಿ ಅತ್ತಾಗ," ಎಂದು ಕುಂತ. ಎಮ್ಮೆ ಅವನ ಮೊಣಕಾಲ ಕೆಳಗಿನ ಎಲುಬಿಗೂ ಒಂದು ಕೊಟ್ಟಿತು. ಅವನ ಕೂಗು ಊರಿನ ದರ್ಗಾದವರೆಗೂ ಕೇಳಿಸಿತು.

ಬಿಸಿಲೇರುವಷ್ಟರಲ್ಲಿ ಪಡಸಾಲೆ ತುಂಬಿತು. ದಿಂಬಿನ ಮೇಲೆ ಕೊಟ್ರೇಶನ ಕಾಲು, ಕಾಲಿನ ಮೇಲೆ ಬದನೆಕಾಯಿಯಂಥ ನೀಲಿ ಬಾವು. ಅವನ ಗೆಳೆಯ ಕುಬೇರಪ್ಪ ಬಾಳೆಹಣ್ಣು ತಂದ. ಬಂದವರೆಲ್ಲ ಕಾಲು ನೋಡಿ ಲೊಚಗುಟ್ಟಿದರು, ಚಹಾಕ್ಕೆ ಕುಂತರು. ಚಹಾ ಅಡಿವೆವ್ವನೇ ಕಾಸಿದಳು.

ನೆರೆಮನೆಯ ಹುಚ್ಚವ್ವ ಅಡುಗೆಮನೆಗೆ ಬಂದಾಗ ಅಡಿವೆವ್ವ ಸೆರಗು ಸರಿಸಿ ಒದೆ ಬಿದ್ದ ಜಾಗ ತೋರಿಸಿದಳು.

"ರಕ್ತ ಇಲ್ಲ, ಬಾವಿಲ್ಲ. ಏನೂ ಆಗಿಲ್ಲ ತಗಿ. ಕೊಟ್ರೇಶಣ್ಣನ ಕಾಲ್ ನೋಡು, ಹೆಂಗ್ ನೀಲಿ ಆಗೈತಿ!"

ಅಡಿವೆವ್ವನಿಗೂ ಅದು ಖರೆ ಅನ್ನಿಸಿತು. ತೋರಿಸಲು ಒಂದಿಷ್ಟು ನೀಲಿಯೂ ಇಲ್ಲದ ನೋವನ್ನು ಯಾರ ಮುಂದಿಡುವುದು? ಆದರೆ ಗೊರಸು ಹತ್ತಿರಕ್ಕೂ ಬರದ ಎಡಹೆಗಲು ಯಾಕೋ ನೋಯತೊಡಗಿತ್ತು. ರೊಟ್ಟಿ ಬಡಿದದ್ದಕ್ಕಿರಬೇಕು ಅಂದುಕೊಂಡಳು.

ಆಗ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಮಗಳು ವಿದ್ಯಾಶ್ರೀ ಫೋನ್ ಮಾಡಿದಳು.

"ಅವ್ವಾ, ಅಪ್ಪಗ ಎಮ್ಮಿ ಒದ್ದೈತಂತ? ಕಾಲ್ ಊರ್ತಾರೇನು?"

"ಊರ್ತಾರ. ಮಂದಿ ಇದ್ದಾಗ ಊರೂದಿಲ್ಲ."

ವಿದ್ಯಾಶ್ರೀ ನಕ್ಕಳು. "ಅಲ್ಲಿ ಎಲುಬಿನ ಮ್ಯಾಲ ಬರೇ ತೊಗಲು, ಮಾಂಸ ಇಲ್ಲ. ಅದಕ್ಕ ಭಾಳ ನೋಯ್ತೈತಿ. ಆಮ್ಯಾಲ ಒಂದ್ ಎಕ್ಸ್-ರೇ ಫೋಟೋ ತಗಸಿದ್ರಾತು. ನೀ ಆರಾಮಲ್ಲ?"

"ನನಗೂ ಒದ್ದೈತಿ. ಎಡಕ್ಕ, ಪಕ್ಕಡಿ ಕೆಳಗ. ಮ್ಯಾಲೇನೂ ಕಾಣವಲ್ದು. ಹೆಗಲೊಂದು ಯಾಕೋ..."

ನಗು ನಿಂತಿತು. "ಯಾವ ಹೆಗಲು?"

"ಎಡದ್ದು."

"ಕಣ್ಣಿಗೆ ಕತ್ತಲಿ ಬರ್ತೈತಿ?"

"ಎದ್ದು ನಿಂತ್ರ ಬರ್ತೈತಿ."

"ಅವ್ವಾ, ಒಲಿ ಬಿಟ್ಟು ಮಲಕ್ಕೋ. ಅಲ್ಲಿ ಒಳಗ ಗುಲ್ಮ ಅಂತ ಇರ್ತೈತಿ, ಮಾಗಿದ ಅಂಜೂರದಂಗ ಮೆತ್ತಗ. ತೊಗಲಿಗೆ ಏನೂ ಆಗದಿದ್ರೂ ಅದು ಒಡದು ಒಳಗ ರಕ್ತ ಸುರೀತಿರಬಹುದು. ಆ ನೋವು ಹೆಗಲಿಗೆ ಬರ್ತೈತಿ. ಜೀವಕ್ಕ ಕುತ್ತು. ಏನೂ ತಿನ್ನಬ್ಯಾಡ, ಕುಡೀಬ್ಯಾಡ. ಆಂಬುಲೆನ್ಸ್ ಕಳಸ್ತೇನಿ. ಅದನ್ನ ಹತ್ತತಿ ಹೌದಿಲ್ಲೋ?"

"ರೊಟ್ಟಿ ಇನ್ನೂ ಅರ್ಧಾ..."

"ಅವ್ವಾ!"

ಅಡಿವೆವ್ವ ಒಲೆಯ ಬದಿಗೇ ಗೋಣಿಚೀಲ ಹಾಸಿ ಮಲಗಿದಳು. ಹಗಲಿನಲ್ಲಿ ಎಂದೂ ಮಲಗದ ಅವಳಿಗೆ ಜಂತಿಗೆ ಇಷ್ಟೊಂದು ಮಸಿ ಹಿಡಿದಿದೆ ಎಂದು ಇವತ್ತೇ ಗೊತ್ತಾದದ್ದು.

"ಏ, ಚಹಾ ಎಲ್ಲಿ?" ಪಡಸಾಲೆಯಿಂದ ಕೊಟ್ರೇಶ ಕೂಗಿದ. "ಕುಬೇರಪ್ಪಗ ಸಕ್ಕರಿ ಕಡಿಮಿ!"

ಅವನು ನಾಲ್ಕನೇ ಸಲ ಕೂಗುವಷ್ಟರಲ್ಲಿ ಆಂಬುಲೆನ್ಸ್ ಬಾಗಿಲಿಗೆ ಬಂತು. ಪಡಸಾಲೆಯಲ್ಲಿ ಸಡಗರವೇ ಸಡಗರ.

"ಎಮ್ಮಿ ಒದ್ದದ್ದು ಯಾರಿಗ್ರಿ?" ಗಾಡಿಯ ಜತೆಗೆ ಬಂದವನು ಕೇಳಿದ.

"ಇವ್ರಿಗ್ರಿ!" ಎಲ್ಲರೂ ಒಂದೇ ದನಿಯಲ್ಲಿ ಅಂದರು. ಕೊಟ್ರೇಶನ ನರಳಾಟಕ್ಕೆ ಹೊಸ ಕಸುವು ಬಂತು. ಇಬ್ಬರ ಹೆಗಲಿಗೆ ಜೋತುಬಿದ್ದು ಗಾಡಿ ಹತ್ತಿ, ಒಳಗಿನ ಹಾಸಿಗೆಯ ಮೇಲೆ ಕಾಲು ಚಾಚಿದ. ಕುಬೇರಪ್ಪ ಬಾಳೆಹಣ್ಣನ್ನೂ ಪಕ್ಕಕ್ಕಿಟ್ಟ.

"ಏ ಇಕಿನ, ಬುತ್ತಿ ಕಟ್ಟು, ಟಾವೆಲ್ ತಾ. ನೀ ಮನ್ಯಾಗಿರು, ಎಮ್ಮಿ ನೋಡ್ಕೋಬೇಕು," ಕೊಟ್ರೇಶ ಗಾಡಿಯೊಳಗಿಂದ ಹೆಂಡತಿಗೆ ಕೂಗಿದ.

ಗೋಡೆ ಹಿಡಿದು ಹೊಸ್ತಿಲಿಗೆ ಬಂದ ಅಡಿವೆವ್ವನಿಗೆ ಎಲ್ಲರ ಮುಖವೂ ಮಸುಕಾಗಿ ಕಂಡಿತು. ಒಂದು ಕ್ಷಣ ಬುತ್ತಿಯ ಗಂಟು ಕಣ್ಣಮುಂದೆ ಬಂದದ್ದೂ ಹೌದು. ಇಪ್ಪತ್ತೈದು ವರ್ಷ ಅವಳ ಕಾಲು ಆ ಮಾತಿಗೆ ತಾನಾಗಿಯೇ ಒಳಗೆ ತಿರುಗಿತ್ತು. ಇವತ್ತು ಅದನ್ನು ಅವಳು ತಿರುಗಗೊಡಲಿಲ್ಲ. ಯಾರನ್ನೂ ಕೇಳದೆ ಮೆಟ್ಟಿಲಿಳಿದು ಗಾಡಿಯ ಬಾಗಿಲು ಹಿಡಿದಳು.

"ಇವ್ರನ್ನ ಇಳಸ್ರಿ," ಎಂದಳು. "ನಾ ಮಲಕ್ಕೋಬೇಕು."