ಪ್ಲಗ್ಗಕ್ಕನ ಪಕ್ಕದ ಕುರ್ಚಿ

ಮನೆಬಳಕೆಯ ಎಲೆಕ್ಟ್ರಾನಿಕ್ ವಸ್ತುಗಳ ರಿಪೇರಿಯಲ್ಲಿ ಕೈಚಳಕಕ್ಕೆ ಹೆಸರಾದವರು ಅನೇಕರಿದ್ದಾರೆ. ಆದರೆ ಸ್ಕ್ರೂಡ್ರೈವರ್ ಮುಟ್ಟದೆ, ಕಿವಿಯಿಂದ ಕೇಳಿ, ಬರೀ ಮಾತಿನಿಂದಲೇ ಸಾವಿರಾರು ಮನೆಗಳ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ರೇಡಿಯೋಗಳಿಗೆ ಮರುಜೀವ ಕೊಟ್ಟವರು ನಮ್ಮ ಸೇವಾಕೇಂದ್ರದ ಸಹಾಯವಾಣಿಯಿಂದ ಈಚೆಗೆ ನಿವೃತ್ತರಾದ ಈ ಹಿರಿಯರೊಬ್ಬರೇ. ಯಾರೇ ಕರೆ ಮಾಡಲಿ, ನಮಸ್ಕಾರದ ಬೆನ್ನಿಗೇ "ಪ್ಲಗ್ ಕಿತ್ತಿದ್ದೀರಾ?" ಎಂದು ಕೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವರು ಪ್ಲಗ್ಗಕ್ಕ.

ಅವರ ಪಕ್ಕದ ಕುರ್ಚಿಗೆ ಕಿರಿಯ ಸಹೋದ್ಯೋಗಿಯೊಬ್ಬಳು ಬಂದು ಕುಳಿತಾಗ ಅಕ್ಕ ಹೇಳಿದ್ದು ಇಷ್ಟೇ: "ಸ್ವಲ್ಪ ದಿನ ಬಾಯಿ ಮುಚ್ಕೊಂಡು ಕೇಳು." ಅವಳು ಕೇಳಿದಳು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿಡಿ ಎನ್ನುವುದನ್ನು, ರಿಮೋಟ್ ಸತ್ತಿತೆಂದು ಗೋಳಾಡುವವರಿಂದ ಸೆಲ್ ತೆಗೆಸಿ, ಕಿಲುಬು ಹಿಡಿದ ತಗಡನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿಸುವುದನ್ನು ಕೇಳಿದಳು. ಹಳೆಯ ಡಬ್ಬಾ ಟಿ.ವಿ.ಯ ಬೆನ್ನು ಬಿಚ್ಚಲು ಹೊರಟ ಶೂರರಿಗೆ ಮಾತ್ರ ಅಕ್ಕನ ಸಲಹೆ ಬೇರೆ: "ಅಣ್ಣಾ, ಕೈ ಕಟ್ಕೊಂಡು ದೂರ ನಿಂತ್ಕೊಳ್ಳಿ. ಪ್ಲಗ್ ಕಿತ್ರೂ ಅದರೊಳಗೆ ಕರೆಂಟ್ ಕೂತಿರುತ್ತೆ. ನಮ್ಮವರು ಬರ್ತಾರೆ."

ಅಂಗಡಿ ಮುಚ್ಚಿ ಮನೆಯಲ್ಲಿದ್ದ ದರ್ಜಿಯೊಬ್ಬರು ದಿನಾ ಸಂಜೆ ರೇಡಿಯೋ ಕೆಟ್ಟಿದೆಯೆಂದು ಕರೆ ಮಾಡುತ್ತಿದ್ದರು. ಅಕ್ಕ ಫೋನನ್ನು ರೇಡಿಯೋ ಹತ್ತಿರ ಹಿಡಿಸಿ, ಗುಂಡಿ ತಿರುಗಿಸಲು ಹೇಳಿ, ಕೊನೆಗೆ "ನಾಳೆ ಮತ್ತೆ ನೋಡೋಣ" ಎನ್ನುತ್ತಿದ್ದರು. ಪಕ್ಕದ ಕುರ್ಚಿಯವಳಿಗೆ ತಡೆಯಲಾಗಲಿಲ್ಲ. "ಅಕ್ಕಾ, ಅವರ ರೇಡಿಯೋ ಚೆನ್ನಾಗೇ ಹಾಡ್ತಿದೆಯಲ್ಲ?"

"ಹಾಡ್ತಿದೆ ಕಣೇ. ಮಾತಾಡೋಕೆ ಅವರಿಗೊಂದು ನೆಪ ಬೇಡ್ವಾ?"

ಬೀಳ್ಕೊಡುಗೆಯ ದಿನ ಎಲ್ಲರ ಕಣ್ಣೂ ತುಂಬಿದ್ದವು, ಅಕ್ಕ ಮಾತ್ರ ಗದರಿದರು: "ಏನಾದ್ರೂ ಕೆಟ್ಟಿದ್ರೆ ಫೋನ್ ಮಾಡಿ. ಸುಮ್ ಸುಮ್ನೆ ಅಳೋಕೆ ಮಾಡ್ಬೇಡಿ." ಅಷ್ಟು ಹೇಳಿ ದೂರದ ಊರಿನ ತಂಗಿಯ ಮನೆಗೆ ಹೊರಟೇ ಹೋದರು. ಅವರ ಕುರ್ಚಿಗೆ ಈಗ ಹೊಸಬರು ಬಂದಿದ್ದಾರೆ, ಕೆಲಸವೂ ಸಾಂಗವಾಗಿ ನಡೆದಿದೆ. ಆದರೂ ಕಷ್ಟದ ಕರೆ ಬಂದಾಗ ಪಕ್ಕದವಳ ಕತ್ತು ತಾನಾಗಿ ಆ ಕಡೆ ತಿರುಗುತ್ತದೆ. ಆ ದನಿಯೊಂದನ್ನು ಕೇಳಬೇಕೆಂದು ಅವಳ ಜೀವ ಹಂಬಲಿಸುತ್ತದೆ. ಫೋನ್ ಮಾಡೋಣವೆಂದರೆ ಅವಳ ಮನೆಯಲ್ಲಿ ಹಾಳಾದ್ದು ಒಂದು ವಸ್ತುವೂ ಕೆಡಲೊಲ್ಲದು. ಹಾಗೆ ನೋಡಿಕೊಳ್ಳುವುದನ್ನು ಕಲಿಸಿದವರೂ ಅಕ್ಕನೇ.

ಕಡೆಗೆ ಕಳೆದ ಭಾನುವಾರ, ಚಟ್ನಿ ರುಬ್ಬಿ ಮುಗಿಸಿ, ಮಿಕ್ಸಿಯನ್ನು ಒರೆಸಿಟ್ಟು, ಅವಳು ಫೋನ್ ಮಾಡಿಯೇಬಿಟ್ಟಳು.

"ಅಕ್ಕಾ, ಮಿಕ್ಸಿ ತಿರುಗ್ತಿಲ್ಲ."

"ಪ್ಲಗ್ ಕಿತ್ತಿದ್ದೀಯಾ?"

ಆ ಪ್ರಶ್ನೆ ಕಿವಿಗೆ ಬಿದ್ದದ್ದೇ ಅವಳು ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಹೂಂ ಅಕ್ಕಾ."

"ಜಾರ್ ತೆಗಿ. ಮಿಕ್ಸಿ ತಳದಲ್ಲಿ ಕೆಂಪು ಗುಂಡಿ ಇದೆ, ಒತ್ತು. ಈಗ ಪ್ಲಗ್ ಹಾಕಿ ನೋಡು. ತಿರುಗ್ತಾ?"

"ಇಲ್ಲಕ್ಕಾ."

ಆ ತುದಿಯಲ್ಲಿ ಅಕ್ಕ ಮೂಗೆಳೆದುಕೊಂಡದ್ದು ಕೇಳಿಸಿತು.

"ಹಾಗಾದ್ರೆ ನಾಳೆ ಮತ್ತೆ ನೋಡೋಣ. ಇದೇ ಹೊತ್ತಿಗೆ ಮಾಡು, ಮರೀಬೇಡ."

ಪೂಜ್ಯ ಅಕ್ಕನವರು ನೂರು ಕಾಲ ಆರೋಗ್ಯದಿಂದ ಬಾಳಲಿ, ಅವರ ಕಿವಿ ಹೀಗೇ ಚುರುಕಾಗಿರಲಿ. ಅಷ್ಟು ಕಾಲವೂ ಆ ಮಿಕ್ಸಿ ಸರಿಹೋಗದಿರಲಿ.